ಸೈನಸ್ ಆಪರೇಷನ್ ಆದಮೇಲೆ ಮೂಗು ತೊಳೆದ ಕತೆ

ಆಪರೇಷನ್ ಮುಗಿದದ್ದು ಎರಡು ಗಂಟೆಯಲ್ಲಿ. ಮೂಗು ಮಾಯಲು ಎರಡು ತಿಂಗಳು ಬೇಕಾಯಿತು.

ಮೂಗಿನ ಸುತ್ತಲಿನ ಮೂಳೆಗಳಲ್ಲಿರುವ ಟೊಳ್ಳು ಜಾಗಗಳೇ ಸೈನಸ್. ನನಗೆ ಮೂಗಿನೊಳಗೆ ಪಾಲಿಪ್, ಅಂದರೆ ಮೆತ್ತನೆಯ ಮಾಂಸದ ಗಂಟು, ಬೆಳೆದಿತ್ತು. ಮೂಗಿನ ಹೊಳ್ಳೆಯಿಂದಲೇ ಎಂಡೋಸ್ಕೋಪ್ ಅನ್ನೋ ಕ್ಯಾಮೆರಾ ಇರುವ ಸಣ್ಣ ಕೊಳವೆ ತೂರಿಸಿ ತೆಗೆದರು. ಹೊರಗೆ ಒಂದು ಗೀರೂ ಇಲ್ಲ. ನೋಡಲು ಬಂದವರಿಗೆಲ್ಲ ‘ಆರಾಮಾಗಿದ್ದಾನಲ್ಲ’ ಅನ್ನಿಸುತ್ತಿತ್ತು. ಒಳಗೆ ಹಸಿ ಗಾಯ ಇದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಮೊದಲ ವಾರ ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿದೆ. ಮೂಗು ಸೀಟುವಂತಿಲ್ಲ, ಭಾರ ಎತ್ತುವಂತಿಲ್ಲ. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು, ಇಲ್ಲದಿದ್ದರೆ ಒತ್ತಡವೆಲ್ಲ ಗಾಯದ ಮೇಲೆ. ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕುವ ಹೊತ್ತಿಗೆ ನಾನು ತಾರಸಿ ಮೇಲಿರುತ್ತಿದ್ದೆ. ಅಮ್ಮನದು ಒಂದೇ ಮಾತು, “ಸ್ವಲ್ಪ ಹಬೆ ತಗೊಳ್ಳೋ, ಕಟ್ಟಿದ್ದೆಲ್ಲ ಬಿಡುತ್ತೆ.” ಬಿಸಿಗೆ ರಕ್ತನಾಳ ಹಿಗ್ಗಿ ಮತ್ತೆ ರಕ್ತ ಬರಬಹುದು ಅಂತ ಡಾಕ್ಟರ್ ಬೇಡ ಅಂದಿದ್ದರು. ಸ್ನಾನವೂ ಉಗುರುಬೆಚ್ಚಗಿನ ನೀರಲ್ಲೇ.

ಅಸಲಿ ಕೆಲಸ ಮೂಗು ತೊಳೆಯುವುದು. ಮೂಗಿನೊಳಗಿನ ಸಣ್ಣ ರೋಮಗಳು ಸಿಂಬಳವನ್ನು ಗಂಟಲ ಕಡೆಗೆ ತಳ್ಳುತ್ತಾ ಇರುತ್ತವೆ. ಆಪರೇಷನ್ ಆದಮೇಲೆ ಕೆಲವು ವಾರ ಅವು ಸರಿಯಾಗಿ ಕೆಲಸ ಮಾಡುವುದಿಲ್ಲ. ರಕ್ತ, ಸಿಂಬಳ ಎಲ್ಲ ಒಣಗಿ ಹಕ್ಕಳೆ ಕಟ್ಟುತ್ತದೆ. ಅದು ಹಾಗೇ ಉಳಿದರೆ ಕೀವು ಆಗಬಹುದು, ಎದುರುಬದುರಿನ ಗಾಯಗಳು ಒಂದಕ್ಕೊಂದು ಅಂಟಿಕೊಂಡು ತೆರೆದ ದಾರಿಯೇ ಮುಚ್ಚಿಹೋಗಬಹುದು. ಬೆರಳು ಹಾಕಿ ಕೀಳುವ ಆಸೆ ಆಗುತ್ತದೆ. ಕೀಳಬೇಡಿ.

ಮೊದಲ ದಿನವೇ ಎಡವಟ್ಟು ಮಾಡಿಕೊಂಡೆ. ಉಪ್ಪಿನ ಪುಡಿಯ ಪೊಟ್ಟಣ ಸಿಗಲಿಲ್ಲ ಅಂತ ಸುಮ್ನೆ ಬರೀ ನೀರು ಬಿಟ್ಟೆ. ನೆತ್ತಿವರೆಗೂ ಉರಿ! ನಮ್ಮ ದೇಹದ ದ್ರವದಷ್ಟೇ ಉಪ್ಪು ನೀರಲ್ಲಿದ್ದರೆ ಉರಿಯುವುದಿಲ್ಲ. ಲೀಟರಿಗೆ 9 ಗ್ರಾಂ, ಅಷ್ಟೇ ಲೆಕ್ಕ. ನಾನು ಅಳತೆ ಮಾಡಿಟ್ಟ ಪೊಟ್ಟಣವನ್ನೇ 240 ಮಿ.ಲೀ. ಬಾಟಲಿಗೆ ಹಾಕುತ್ತಿದ್ದೆ. ನೀರಂತೂ ಕುದಿಸಿ ಆರಿಸಿದ್ದೇ ಆಗಬೇಕು. ಕೇರಳದಲ್ಲಿ ‘ಮಿದುಳು ತಿನ್ನುವ ಅಮೀಬಾ’ ಸುದ್ದಿ ಓದಿದ್ದೀರಲ್ವಾ? ಅದು ಒಳಗೆ ಹೋಗುವ ದಾರಿ ಮೂಗೇ. ಕುಡಿಯುವ ನೀರಿನ ಫಿಲ್ಟರನ್ನೂ ನಾನು ನಂಬಲಿಲ್ಲ.

ಸಿಂಕ್ ಮೇಲೆ ಬಗ್ಗಿ, ಬಾಯಲ್ಲಿ ಉಸಿರಾಡುತ್ತಾ, ಬಾಟಲಿಯನ್ನು ಮೆಲ್ಲಗೆ ಒತ್ತಬೇಕು. ಒಂದು ಹೊಳ್ಳೆಯಿಂದ ಹೋದ ನೀರು ಇನ್ನೊಂದರಿಂದ ಬರುತ್ತದೆ. ಜಲನೇತಿ ಮಾಡಿದವರಿಗೆ ಇದು ಹೊಸದಲ್ಲ. ದಿನಕ್ಕೆ ಮೂರು ಸಲ ಮಾಡಿದೆ. ನಾಲ್ಕನೇ ದಿನ ಕಂದು ಬಣ್ಣದ ದೊಡ್ಡ ಹಕ್ಕಳೆಯೊಂದು ಜಾರಿ ಸಿಂಕಿಗೆ ಬಿತ್ತು. ಅಸಹ್ಯ ನಿಜ, ಆದರೆ ಅವತ್ತು ಎಳೆದ ಉಸಿರಿನ ಸುಖವೇ ಬೇರೆ. ಉಳಿದದ್ದನ್ನು ವಾರದ ಮೇಲೆ ಡಾಕ್ಟರ್ ಎಂಡೋಸ್ಕೋಪ್ ಹಾಕಿ ತೆಗೆದರು. ಕಣ್ಣಲ್ಲಿ ನೀರು ಬಂತು.

ಡಾಕ್ಟರ್ ಕೊಟ್ಟ ಚೀಟಿಯಲ್ಲಿ ಹೀಗಿತ್ತು: ಕೆಂಪು ರಕ್ತ ನಿಲ್ಲದಿದ್ದರೆ, ಕಣ್ಣು ಮಂಜಾದರೆ, ಮೂಗಿಂದ ತಿಳಿನೀರು ತೊಟ್ಟಿಕ್ಕಿದರೆ ಕೂಡಲೇ ಫೋನ್ ಮಾಡಿ. ತಿಳಿನೀರು ಅಂದರೆ ಮಿದುಳಿನ ಸುತ್ತಲಿನ ದ್ರವ ಸೋರುತ್ತಿರಬಹುದು. ಇದು ತಲೆಯಲ್ಲಿ ಕೂತಿತ್ತು. ಮೂರನೇ ವಾರ ಒಂದು ಗೃಹಪ್ರವೇಶದಲ್ಲಿ ದೊಡ್ಡಪ್ಪನ ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದೆ. ಮೂಗಿಂದ ತಿಳಿನೀರು ಬಳಬಳ ಅಂತ ಅವರ ಪಾದದ ಮೇಲೆ! ಕೈ ನಡುಗಿತು. ಹೊರಗೆ ಬಂದು ಫೋನ್ ಮಾಡಿದೆ. ಡಾಕ್ಟರ್ ಕೇಳಿದ್ದು ಒಂದೇ, “ಮೂಗು ತೊಳೆದು ಎಷ್ಟು ಹೊತ್ತಾಯಿತು?” ಒಂದು ಗಂಟೆ. ಸೈನಸ್‌ನಲ್ಲಿ ನಿಂತಿದ್ದ ಉಪ್ಪುನೀರು ಬಗ್ಗಿದಾಗ ಇಳಿದಿರಬೇಕು, ಮತ್ತೆ ಬಂದರೆ ಕೂಡಲೇ ಬನ್ನಿ ಅಂದರು. ಮತ್ತೆ ಬರಲಿಲ್ಲ.

ಅಂದಿನಿಂದ ಮೂಗು ತೊಳೆದ ಮೇಲೆ ಸಿಂಕಿನ ಮುಂದೆಯೇ ಬಗ್ಗಿ, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೀರೆಲ್ಲ ಇಳಿಸುತ್ತೇನೆ. ದೊಡ್ಡಪ್ಪ ಮಾತ್ರ ಈಗಲೂ ನನ್ನನ್ನು ಕಂಡರೆ ಕಾಲು ಹಿಂದೆ ಎಳೆದುಕೊಳ್ಳುತ್ತಾರೆ.