ಮೂರನೇ ಸಾಲಿನ ಒಂಬತ್ತು ಪೆಟ್ಟು

ನಮ್ಮ ಕನ್ನಡ ರಾಕ್ ಆಲ್ಬಮ್‌ನ ಮೊದಲ ಪದ್ಯ ಕಟ್ಟುತ್ತಾ ಮೂರನೇ ಸಾಲಿಗೆ ಬಂದಾಗ ನಮ್ಮ ಡ್ರಮ್ಮರ್ ಹುಡುಗ ಸ್ಟಿಕ್ ಕೆಳಗಿಟ್ಟ. "ಅಣ್ಣ, ಇಲ್ಲಿ ಎರಡು ಪೆಟ್ಟು ಜಾಸ್ತಿ ಬರ್ತಾವ" ಅಂದ. ಅವನು ಹೇಳಿದ್ದು ಸರಿ. ಎರಡು ಪೆಟ್ಟು ಜಾಸ್ತಿಯೇ ಇದ್ದವು. ಅವನ್ನು ಕತ್ತರಿಸಬೇಕೋ ಉಳಿಸಬೇಕೋ ಅಂತ ಮೂರು ವಾರ ತಲೆ ಕೆಡಿಸಿಕೊಂಡೆವು. ಉಳಿಸಿಕೊಂಡೆವು. 52 ನಿಮಿಷದ ಆಲ್ಬಮ್‌ಗೆ ಬೆನ್ನೆಲುಬು ಆದದ್ದು ಆ ಎರಡು ಪೆಟ್ಟೇ.

ನಾನು ಬಳ್ಳಾರಿಯವನು. ಮದುವೆ, ಜಾತ್ರೆ, ಗಣೇಶನ ಹಬ್ಬದ ರಸಮಂಜರಿಗಳಲ್ಲಿ ಕೀಬೋರ್ಡ್ ನುಡಿಸುವುದು ನನ್ನ ಕಸುಬು. ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಇದೇ. ಕಾಲೇಜಿನಲ್ಲಿದ್ದಾಗ ಗೆಳೆಯನೊಬ್ಬ ಒಂದು ಸಿ.ಡಿ. ಕೊಟ್ಟ. ಅದರಲ್ಲಿ ಕಿಂಗ್ ಕ್ರಿಮ್ಸನ್, ಯೆಸ್, ಜೆನೆಸಿಸ್ ಅನ್ನುವ ಇಂಗ್ಲೆಂಡಿನ ರಾಕ್ ತಂಡಗಳ ಹಾಡುಗಳಿದ್ದವು. ಒಂದೊಂದು ಹಾಡು 20 ನಿಮಿಷ. ಮಧ್ಯದಲ್ಲಿ ತಾಳ ಬದಲಾಗುತ್ತದೆ, ವಯಲಿನ್‌ಗಳ ಗುಂಪು ಬಂದಂತೆ ಕೇಳುತ್ತದೆ, ಹತ್ತು ನಿಮಿಷದ ಹಿಂದೆ ಹೋದ ರಾಗ ಬೇರೆ ವೇಷದಲ್ಲಿ ವಾಪಸ್ ಬರುತ್ತದೆ. ಸಿಂಫೋನಿಕ್ ಪ್ರೋಗ್ರೆಸಿವ್ ರಾಕ್ ಅನ್ನುವ ಹೆಸರು ಆಗ ನನಗೆ ಗೊತ್ತಿರಲಿಲ್ಲ. ರಾತ್ರಿಯಿಡೀ ನಡೆಯುವ ಬಯಲಾಟದ ಹಾಗೆ ಇದೆಯಲ್ಲ ಅನ್ನಿಸಿತ್ತು, ಅಷ್ಟೇ.

ಅವತ್ತಿನಿಂದ ಆಸೆ. ಒಂದೇ ಕಥೆಯನ್ನು ಇಡೀ ಆಲ್ಬಮ್‌ನಲ್ಲಿ ಹೇಳಬೇಕು. ಅದ್ಭುತ ಕಥೆ, ಮಾಯೆ ಮಂತ್ರ ಇರುವ ಕಥೆ. ಮೊದಲ ಸಲ ಇಂಗ್ಲಿಷಿನಲ್ಲೇ ಬರೆದೆ. ಹಿಮ, ಕೋಟೆ, ಬೆಂಕಿ ಉಗುಳುವ ಡ್ರ್ಯಾಗನ್. ನಾಲ್ಕು ಹಾಡು ಮುಗಿಸಿ ಕೇಳಿದೆ. ಯಾವ ಸಾಲೂ ನನ್ನ ಬಾಯಿಗೆ ಒಗ್ಗಲಿಲ್ಲ. ಹಿಮವನ್ನು ನಾನು ಕಂಡೇ ಇಲ್ಲ. ಬಳ್ಳಾರಿಯ ಮೇ ತಿಂಗಳ ಬಿಸಿಲು ಕಂಡಿದ್ದೇನೆ.

ಆಗ ಒಂದು ಸಂಗತಿ ಓದಿದೆ. 1973ರಲ್ಲಿ ಯೆಸ್ ತಂಡ ನಾಲ್ಕೇ ಹಾಡಿನ ಜೋಡಿ ಆಲ್ಬಮ್ ಮಾಡಿತು, ತಟ್ಟೆಯ ಒಂದೊಂದು ಮಗ್ಗುಲಿಗೆ ಒಂದೊಂದು ಹಾಡು. ಅದಕ್ಕೆ ಎಳೆ ಸಿಕ್ಕಿದ್ದು ಪರಮಹಂಸ ಯೋಗಾನಂದರ ಆತ್ಮಕಥೆಯಲ್ಲಿ ಶಾಸ್ತ್ರಗಳ ಬಗ್ಗೆ ಇದ್ದ ಒಂದು ಅಡಿಟಿಪ್ಪಣಿಯಿಂದ. ಇಂಗ್ಲೆಂಡಿನವರು ನಮ್ಮ ಶಾಸ್ತ್ರಗಳ ಕಡೆ ನೋಡಿ ಹಾಡು ಕಟ್ಟುತ್ತಿದ್ದರೆ ನಾನ್ಯಾಕೆ ಅವರ ಕೋಟೆಯ ಬಾಗಿಲು ಕಾಯಬೇಕು? ಆ ನಾಲ್ಕೂ ಹಾಡುಗಳನ್ನು ಪಕ್ಕಕ್ಕಿಟ್ಟೆ.

ಕಥೆ ಬೇಕಾದಷ್ಟು ಹತ್ತಿರದಲ್ಲೇ ಇತ್ತು. ಕುಡತಿನಿಯ ಹತ್ತಿರ ಬೂದಿದಿಬ್ಬ ಇದೆ. ರಕ್ಕಸನನ್ನು ಸುಟ್ಟ ಬೂದಿ ಅಂತ ಹಳಬರು ಹೇಳುತ್ತಾರೆ. ಹಂಪಿ ಪಕ್ಕದ ನಿಂಬಾಪುರದ ಬೂದಿಯನ್ನು ವಾಲಿಯ ಚಿತೆಯ ಬೂದಿ ಅನ್ನುತ್ತಾರೆ. ಪುರಾತತ್ವದವರು ಅಗೆದು ನೋಡಿ ಹೇಳುವುದು ಬೇರೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ದನ ಸಾಕುವ ಜನ ಇದ್ದರು. ಅವರ ದೊಡ್ಡಿಗಳಲ್ಲಿ ರಾಶಿ ಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಇಟ್ಟು ಆದ ದಿಬ್ಬಗಳು ಇವು. ನನಗೆ ಎರಡೂ ಬೇಕಿತ್ತು. ರಕ್ಕಸನೂ ಬೇಕು, ಸಗಣಿಯೂ ಬೇಕು.

ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲು ಕಡೆಯ ಹಿರೇಗುಡ್ಡದಲ್ಲಿ ಇನ್ನೊಂದು ಅಚ್ಚರಿ ಇದೆ. ಅಲ್ಲಿನ ಕರಿಬಂಡೆಗಳ ಮೇಲೆ ಉದ್ದ ಕೊಂಬಿನ ಎತ್ತುಗಳನ್ನು ಕುಟ್ಟಿ ಕುಟ್ಟಿ ಬಿಡಿಸಿದ್ದಾರೆ. ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಗುಳಿಗಳಿವೆ. ಆ ಗುಳಿಗಳಲ್ಲಿ ಕಲ್ಲಿನಿಂದ ತಟ್ಟಿದರೆ ಜಾಗಟೆಯ ಹಾಗೆ ನಾದ ಬರುತ್ತದೆ. ವಿದ್ವಾಂಸೆ ನಿಕೋಲ್ ಬೋಯ್ವಿನ್ 2004ರಲ್ಲಿ ಇದರ ಬಗ್ಗೆ ಬರೆದರು. ಚಿತ್ರ ಬಿಡಿಸಿದ ಜನವೇ ಇವನ್ನು ನುಡಿಸಿರಬಹುದು ಅನ್ನುವುದು ಅವರ ವಾದ. ನಮ್ಮೂರಲ್ಲಿ ರಾಕ್ ಸಂಗೀತ ಅಷ್ಟು ಹಳೆಯದು!

ಕಥೆ ಹೀಗೆ ನಿಂತಿತು. ಕೆಂಚಿ ಅನ್ನುವ ದನಗಾಹಿ ಹುಡುಗಿ. ಗುಡ್ಡಗಳೆಲ್ಲ ಹಾಡುತ್ತಿದ್ದ ಕಾಲ. ಗಣಿದೊರೆಯೊಬ್ಬ ಬಂಡೆ ಒಡೆಯುತ್ತಾ ಬರುತ್ತಾನೆ. ಒಂದು ಬಂಡೆ ಒಡೆದರೆ ಲೋಕದಿಂದ ಒಂದು ಸ್ವರ ಹೋಗುತ್ತದೆ. ಕೊನೆಗೆ ಅಮ್ಮಂದಿರ ಜೋಗುಳಕ್ಕೂ ಸ್ವರ ಉಳಿಯುವುದಿಲ್ಲ. ಕೆಂಚಿ ಬೂದಿದಿಬ್ಬದಲ್ಲಿ ಮಲಗಿರುವ ರಕ್ಕಸನನ್ನು ಎಬ್ಬಿಸಲು ಹೊರಡುತ್ತಾಳೆ. ಎದ್ದವನು ರಕ್ಕಸನಲ್ಲ, ಹಳೆಯ ಹಟ್ಟಿಗಳ ಬೆಂಕಿಯೇ ಆಳಾಗಿ ನಿಂತವನು. ಆಲ್ಬಮ್‌ಗೆ 'ಬೂದಿದಿಬ್ಬದ ಮಗಳು' ಅಂತ ಹೆಸರಿಟ್ಟೆ. ಐದು ಭಾಗ.

ಇನ್ನು ತಾಳದ ವಿಷಯ. ಈ ಬಗೆಯ ರಾಕ್‌ನಲ್ಲಿ ಏಳು ಪೆಟ್ಟಿನ ನಡೆ, ಐದು ಪೆಟ್ಟಿನ ನಡೆ ಜಾಸ್ತಿ. ನಾನು ಮೊದಲು ಏಳರಲ್ಲಿ ಟ್ಯೂನ್ ಮಾಡಿ, ಅದಕ್ಕೆ ಕನ್ನಡ ಸಾಲು ತುರುಕುತ್ತಿದ್ದೆ. ಮಾತು ಮುರಿಯುತ್ತಿತ್ತು. ಒಂದು ದಿನ ಬಯಲಾಟದ ಮದ್ದಳೆ ಮಾಸ್ತರರು ಪಕ್ಕದಲ್ಲಿ ಕೂತು ಕೇಳಿದರು. "ತಮ್ಮಾ, ಮೂರು ನಾಕು ಮೂರು ನಾಕು ಅಂತ ಎಣಸಾಕ ಹತ್ತೀಯಲ್ಲ, ಇದು ಭಾಮಿನಿ ಅಲ್ಲೇನಪಾ?" ಅಂದರು.

ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದವರಿಗೆಲ್ಲ ಗೊತ್ತಿರುವುದೇ. ಭಾಮಿನಿ ಷಟ್ಪದಿಯ ಗಣ ಮೂರು ಮಾತ್ರೆ, ನಾಲ್ಕು ಮಾತ್ರೆ. ಕುಮಾರವ್ಯಾಸ ತನ್ನ ಭಾರತವನ್ನೆಲ್ಲ ಹೇಳಿದ್ದು ಇದರಲ್ಲೇ. ಅಂದರೆ ಏಳರ ನಡೆ ನಮ್ಮ ನಾಲಿಗೆಯ ಮೇಲೆ ಯಾವತ್ತಿನಿಂದಲೋ ಇದೆ. ಐದರ ನಡೆಯೂ ಇದೆ, ವಾರ್ಧಕ ಷಟ್ಪದಿಯಲ್ಲಿ, ಲಲಿತ ರಗಳೆಯಲ್ಲಿ. ಹರಿಹರ, ರಾಘವಾಂಕ ಇದ್ದದ್ದು ಹಂಪಿಯಲ್ಲಿ. ಆ ಹಂಪಿ 2021ರವರೆಗೂ ನಮ್ಮ ಜಿಲ್ಲೆಯಲ್ಲೇ ಇತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಬರೆದ ಮೊದಲ ಮೂರು ಸಾಲು ಇವು:

ಕಲ್ಲು ಹಾಡಿತು ಕೇಳು ಮಗಳೇ
ಎಲ್ಲಿ ಹೋದರು ಹಟ್ಟಿ ಮಂದಿಯು
ಮೆಲ್ಲನೂದಿದ ಬೂದಿಯೊಳಗಿನ ಕೆಂಡ ಕಣ್ತೆರೆಯೆ

ಕಲ್ಲು ಮೂರು, ಹಾಡಿತು ನಾಲ್ಕು, ಕೇಳು ಮೂರು, ಮಗಳೇ ನಾಲ್ಕು. ಒಂದು ಸಾಲಿಗೆ ಏಳರ ಎರಡು ಆವರ್ತ. ಎರಡನೇ ಸಾಲೂ ಹಾಗೇ. ಮೂರನೇ ಸಾಲಿನಲ್ಲಿ ಏಳರ ಮೂರು ಆವರ್ತ ಆದಮೇಲೆ ಒಂದು ಗುರು, ಅಂದರೆ ಎರಡು ಮಾತ್ರೆಯ ಅಕ್ಷರ, ಉಳಿಯುತ್ತದೆ. ಒಟ್ಟು 23 ಮಾತ್ರೆ. ಪದ್ಯದ ಕೊನೆಯ, ಆರನೇ ಸಾಲೂ ಹೀಗೇ. ಗಮಕಿಗಳು ಆ ಕೊನೆಯ ಗುರುವನ್ನು ಎಳೆದು ನಿಲ್ಲಿಸುತ್ತಾರೆ, ಯಾರೂ ಎಣಿಸುವುದಿಲ್ಲ. ಆದರೆ ಡ್ರಮ್, ಬಾಸ್ ಗಿಟಾರ್ ಎಲ್ಲ ಒಟ್ಟಿಗೆ ಹೋಗುವಾಗ ಎಣಿಸಲೇಬೇಕು. ನಮ್ಮ ಹುಡುಗ ಸ್ಟಿಕ್ ಇಟ್ಟದ್ದು ಈ ಗುರುವಿನ ಹತ್ತಿರ.

ಮೊದಲು ಅದನ್ನು ಏಳಕ್ಕೆ ಎಳೆದು ನೋಡಿದೆವು. ಸಲೀಸಾಗಿ ಬಂತು, ಆದರೆ ಸಪ್ಪೆ. ಆಮೇಲೆ ಗುರುವನ್ನೇ ತೆಗೆದು ನೋಡಿದೆವು. ಪದ್ಯ ಕುಂಟಿತು. ಕೊನೆಗೆ ಛಂದಸ್ಸು ಹೇಳಿದ ಹಾಗೇ ಬಿಟ್ಟೆವು: ಏಳು, ಏಳು, ಒಂಬತ್ತು. ಆ ಒಂಬತ್ತರಲ್ಲಿ ಒಂದು ತೂಗುವಿಕೆ ಇದೆ, ತೊಟ್ಟಿಲು ಕೊನೆ ಮುಟ್ಟಿ ಒಂದು ಗಳಿಗೆ ನಿಂತ ಹಾಗೆ. ಅಲ್ಲಿಂದ ಮುಂದೆ ನಾನು ತಾಳ ಹುಡುಕಲೇ ಇಲ್ಲ. ಕೆಂಚಿ ಹಾಡಿದರೆ ಭಾಮಿನಿ. ಗಣಿದೊರೆ ಬಂದರೆ ಐದರ ವಾರ್ಧಕ. ಜನ ಓಡಿದರೆ ಮೂರರ ಉತ್ಸಾಹ ರಗಳೆ. ಯಾರು ಬಂದರು ಅಂತ ಮಾತಿಗಿಂತ ಮೊದಲು ನಡೆಯೇ ಹೇಳಿಬಿಡುತ್ತದೆ.

ಕಲ್ಲಿನ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದರೆ ಜಾಸ್ತಿ ಜನ ಕೇಳುವುದು ಅದನ್ನೇ. ಹಿರೇಗುಡ್ಡದ ಬಂಡೆಗಳನ್ನು ನಾವು ಮುಟ್ಟಲಿಲ್ಲ. ದಯವಿಟ್ಟು ನೀವೂ ತಟ್ಟಬೇಡಿ. ಅಲ್ಲಿ ಒಂದೊಂದು ಪೆಟ್ಟಿಗೂ ಹಳೆಯ ಗುರುತು ಸವೆಯುತ್ತದೆ. ಅದೇ ಜಾತಿಯ ಕಲ್ಲು ಬೇರೆ ಕಡೆ ಸಿಗುತ್ತದೆ. ಅದರ ಹೆಸರು ಡಾಲರೈಟ್. ಅಂಗಡಿಯಲ್ಲಿ ಬ್ಲ್ಯಾಕ್ ಗ್ರಾನೈಟ್ ಅಂತ ಮಾರುವ ಕಲ್ಲಿನಲ್ಲಿ ಬಹಳಷ್ಟು ಇದೇ. ಕಲ್ಲು ಕೊಯ್ಯುವ ಕಡೆ ಹಿತ್ತಲಲ್ಲಿ ಬಿಸಾಕಿದ ಪಟ್ಟಿಗಳನ್ನು ಒಂದು ಗೂಡ್ಸ್ ಆಟೋ ತುಂಬ ತಂದೆ.

ಮನೆಗೆ ತಂದು ನೆಲದ ಮೇಲಿಟ್ಟು ತಟ್ಟಿದರೆ ಬರೀ ಟಕ್ ಅಂತ ಸದ್ದು. ಕಲ್ಲು ಹಾಡಬೇಕಾದರೆ ಅದು ಕುಣಿಯದ ಎರಡು ಜಾಗದಲ್ಲಿ ಮಾತ್ರ ಹಿಡಿಯಬೇಕು. ಒಂದೇ ದಪ್ಪದ ಪಟ್ಟಿಗೆ ಆ ಜಾಗ ಎರಡೂ ತುದಿಯಿಂದ ಉದ್ದದ ಶೇಕಡಾ 22.4ರಷ್ಟು ಒಳಗೆ ಇರುತ್ತದೆ. 60 ಸೆಂ.ಮೀ. ಪಟ್ಟಿಗೆ 13.4 ಸೆಂ.ಮೀ. ಅಲ್ಲಿ ಎರಡು ಹಗ್ಗದ ತುಂಡು ಇಟ್ಟು ಮೇಲೆ ಪಟ್ಟಿ ಇಟ್ಟೆ. ಮರದ ಸುತ್ತಿಗೆಯಿಂದ ನಡುವೆ ತಟ್ಟಿದೆ. ಗಂಟೆ! ನನ್ನ ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು.

ಶ್ರುತಿ ಮಾಡುವಾಗ ಒಂದು ತಪ್ಪು ಮಾಡಿದೆ. ತಂತಿಯನ್ನು ಅರ್ಧ ಮಾಡಿದರೆ ಒಂದು ಸಪ್ತಕ ಏರುತ್ತದೆ, ಅಲ್ವಾ? ಕಲ್ಲೂ ಹಾಗೇ ಅಂದುಕೊಂಡು ಒಂದು ಒಳ್ಳೆಯ ಪಟ್ಟಿಯನ್ನು ಅರ್ಧಕ್ಕೆ ಕೊಯ್ಸಿದೆ. ಅದು ಎರಡು ಸಪ್ತಕ ಏರಿತು. ಒಂದು ಸಪ್ತಕ ಸಾಕಾದರೆ 60 ಇದ್ದದ್ದನ್ನು ಸುಮಾರು 42ಕ್ಕೆ ಇಳಿಸಿದರೆ ಸಾಕು. ಸ್ವಲ್ಪ ಏರಿಸಬೇಕಾದರೆ ತುದಿ ಉಜ್ಜಬೇಕು. ಇಳಿಸಬೇಕಾದರೆ ಅಡಿಯಲ್ಲಿ ನಟ್ಟನಡುವೆ ಉಜ್ಜಬೇಕು. ಕೊನೆಗೆ ಐದು ಪಟ್ಟಿ ಚೆನ್ನಾಗಿ ಬಂದವು. ಇಡೀ ಆಲ್ಬಮ್‌ನ ಮೂಲ ರಾಗ ಆ ಐದೇ ಸ್ವರ.

ಕಲ್ಲಿನ ನಾದಕ್ಕೆ ಇನ್ನೊಂದು ಗುಣ ಇದೆ. ಮೂಲ ಸ್ವರದ ಮೇಲೆ ಕೇಳುವ ಎರಡನೇ ನಾದ ಅದರ ಸುಮಾರು 2.76 ಪಟ್ಟು. ಅದು ಮೇಲಿನ ಸಪ್ತಕದ ಶುದ್ಧ ಮಧ್ಯಮಕ್ಕೂ ತೀವ್ರ ಮಧ್ಯಮಕ್ಕೂ ನಡುವೆ ಎಲ್ಲೋ ಬೀಳುತ್ತದೆ. ಮೇಲೆ ವಯಲಿನ್ ಗುಂಪು ಇಟ್ಟರೆ ಕಿವಿ ಕಿರಿಕಿರಿ. ಎರಡು ತಿಂಗಳು ಈಕ್ವಲೈಜರ್ ತಿರುಗಿಸಿದೆ. ಉತ್ತರ ಸಿಕ್ಕಿದ್ದು ಬೇರೆ ಕಡೆ. ಕಲ್ಲು ನುಡಿಯುವಾಗ ಉಳಿದವರು ಸುಮ್ನೆ ಇರಬೇಕು. ಕಲ್ಲು ಪ್ರಶ್ನೆ ಕೇಳುತ್ತದೆ, ವಾದ್ಯಗಳು ಆಮೇಲೆ ಉತ್ತರ ಕೊಡುತ್ತವೆ. ಹಾಗೆ ಬಿಟ್ಟಾಗಲೇ ಆ ಜಾಗಗಳಿಗೆ ಗುಡ್ಡದ ಗಾಳಿ ಬಂತು.

ರೆಕಾರ್ಡಿಂಗ್ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ಗೋಡೆಯ ಪ್ರತಿಧ್ವನಿ ತಡೆಯಲು ಫೋಮ್ ಕೊಳ್ಳುವ ಶಕ್ತಿ ಇರಲಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಚಿಂದಿಗೆ ಬರವೇ? ಹೊಲಿಯುವ ಕಡೆಯಿಂದ ಮೂಟೆಗಟ್ಟಲೆ ತಂದೆ. ನಾಲ್ಕು ಅಡಿಗೆ ಎರಡು ಅಡಿಯ ಮರದ ಚೌಕಟ್ಟು, ನಾಲ್ಕು ಇಂಚು ದಪ್ಪ. ಒಳಗೆ ಚಿಂದಿ, ಮೇಲೆ ತೆಳು ಬಟ್ಟೆ. ಗೋಡೆಗೆ ಅಂಟಿಸದೆ ನಾಲ್ಕು ಇಂಚು ಬಿಟ್ಟು ನಿಲ್ಲಿಸಿದೆ. ಆ ಜಾಗ ಬಿಡುವುದು ಮುಖ್ಯ, ಇನ್ನಷ್ಟು ಕೆಳಗಿನ ಸ್ವರಗಳನ್ನೂ ಅದು ಹೀರುತ್ತದೆ. ಬಾಗಿಲಿಗೆ ಅಜ್ಜಿಯ ಕೌದಿ. ಫ್ಯಾನ್ ಹಾಕುವಂತಿಲ್ಲ, ಹಾಗಾಗಿ ರಾತ್ರಿ ಹನ್ನೊಂದರ ಮೇಲೆಯೇ ಕೆಲಸ.

ಹಾರ್ಮೋನಿಯಂ ನಮ್ಮ ತಂದೆಯದು. ಅದರ ಶ್ರುತಿ ಈಗ ಎಲ್ಲರೂ ಬಳಸುವ 440 ಹರ್ಟ್ಜ್ ಇಲ್ಲ, 443ರ ಹತ್ತಿರ ಇದೆ. ರೀಡ್ ಕೆರೆಯಲು ಮನಸ್ಸಾಗಲಿಲ್ಲ. ಗಿಟಾರ್, ಕೀಬೋರ್ಡ್, ಕಲ್ಲು ಎಲ್ಲವನ್ನೂ ಅದಕ್ಕೇ ಹೊಂದಿಸಿದೆ.

ಹಳೆಯ ತಂಡಗಳ ವಯಲಿನ್ ಗುಂಪಿನ ಸದ್ದು ಬಂದದ್ದು ಮೆಲೋಟ್ರಾನ್ ಅನ್ನುವ ವಾದ್ಯದಿಂದ. ಅದರಲ್ಲಿ ಪ್ರತಿ ಕೀಗೂ ಒಂದು ಟೇಪಿನ ಪಟ್ಟಿ. ಕೀ ಒತ್ತಿದರೆ ಆ ಸ್ವರದ ರೆಕಾರ್ಡಿಂಗ್ ಓಡುತ್ತದೆ, ಸುಮಾರು ಎಂಟು ಸೆಕೆಂಡಿಗೆ ಮುಗಿಯುತ್ತದೆ. ಅಷ್ಟರಲ್ಲಿ ಬೆರಳು ಎತ್ತಲೇಬೇಕು. ಆ ಉಸಿರಿನ ಮಿತಿ ನನಗೆ ಬಹಳ ಇಷ್ಟ. ನಮ್ಮ ಓಣಿಯ ಭಜನಾ ಮಂಡಳಿಯ ಅಕ್ಕಂದಿರನ್ನು ಕರೆದೆ. ಒಂದೊಂದು ಸ್ವರಕ್ಕೂ ಎಂಟು ಸೆಕೆಂಡು 'ಆ' ಅನ್ನಿಸಿ ರೆಕಾರ್ಡ್ ಮಾಡಿ, ಕೀ ಒತ್ತಿದರೆ ಆ ದನಿ ನುಡಿಸುವ ಸ್ಯಾಂಪ್ಲರ್‌ಗೆ ಹಾಕಿದೆ. ದನಿ ಮುಗಿಯದೆ ಸುತ್ತುವ ಹಾಗೆ ಲೂಪ್ ಮಾಡಲಿಲ್ಲ. ನಾಲ್ಕನೇ ಭಾಗದಲ್ಲಿ ಬೂದಿಯಾಳು ಏಳುವಾಗ ಕೇಳುವುದು ಅವರ ದನಿ. ಒಬ್ಬ ಅಕ್ಕನ ದನಿ ಒಂದು ಸ್ವರದಲ್ಲಿ ನಡುಗುತ್ತದೆ. ಅದನ್ನು ಸರಿಮಾಡಿಲ್ಲ, ಮಾಡುವುದೂ ಇಲ್ಲ. ವಯಲಿನ್ ಮಾತ್ರ ಒಬ್ಬರೇ ನುಡಿಸಿದ್ದು. ಪ್ರತಿ ಸಲ ಕುರ್ಚಿ ಜರುಗಿಸಿ, ಮೈಕ್ ದೂರ ಬದಲಿಸಿ ಎಂಟು ಸಲ ನುಡಿಸಿದರು.

ಕಥೆ ಹೇಳುವುದು ಯಾರು ಅನ್ನುವುದು ಕೊನೆಯವರೆಗೂ ಕಾಡಿತು. ಹಾಡುಗಳ ನಡುವೆ ಉದ್ದುದ್ದ ಮಾತು ಹಾಕಿದ್ದೆ. ಎರಡನೇ ಸಲ ಕೇಳುವವರು ಅದನ್ನು ದಾಟಿಸಿ ಮುಂದೆ ಹೋಗುತ್ತಿದ್ದರು. ಮತ್ತೆ ಬಯಲಾಟವೇ ದಾರಿ ತೋರಿತು. ಅಲ್ಲಿ ಪಾತ್ರ ಬಂದ ಕೂಡಲೇ ಸಾರಥಿ ನೀವು ಯಾರು, ಎಲ್ಲಿಂದ ಬಂದಿರಿ ಅಂತ ಕೇಳುತ್ತಾನೆ. ಪಾತ್ರ ತನ್ನ ಕಥೆ ತಾನೇ ಹೇಳಿಕೊಳ್ಳುತ್ತದೆ. ಮಾತೆಲ್ಲ ತೆಗೆದೆ. ಪ್ರತಿ ಭಾಗದ ಮೊದಲಿಗೆ ಸಾರಥಿಯ ಒಂದೇ ಪ್ರಶ್ನೆ ಇಟ್ಟೆ. 11 ನಿಮಿಷ ಕಡಿಮೆಯಾಯಿತು.

ಮಾಸ್ಟರಿಂಗ್, ಅಂದರೆ ಸದ್ದನ್ನು ಕೊನೆಯದಾಗಿ ಹದಗೊಳಿಸುವ ಕೆಲಸ, ದೂರದ ಊರಿನ ಒಂದು ಸ್ಟುಡಿಯೋಗೆ ಕೊಟ್ಟೆ. ವಾಪಸ್ ಬಂದದ್ದನ್ನು ಕೇಳಿ ಅಳು ಬಂತು. ಎಲ್ಲವನ್ನೂ ಒತ್ತಿ ಒಂದೇ ಎತ್ತರಕ್ಕೆ ತಂದಿದ್ದರು. ಒಂದು ಕಲ್ಲಿನ ಸದ್ದೂ, ಇಡೀ ತಂಡದ ಸದ್ದೂ ಒಂದೇ. ಸ್ಪಾಟಿಫೈನಂಥ ಕಡೆ ಜೋರಾಗಿರುವುದನ್ನು ಅವರೇ ಒಂದು ಗೊತ್ತಾದ ಮಟ್ಟಕ್ಕೆ ಇಳಿಸುತ್ತಾರೆ, ಹಾಗಾಗಿ ಒತ್ತಿದ್ದರಿಂದ ಲಾಭವೂ ಇಲ್ಲ. ದುಡ್ಡು ಹೋಯಿತು. ಮತ್ತೆ ನಾನೇ ಕೂತು ಮಾಡಿದೆ.

ಕಳೆದ ತಿಂಗಳು ಮಾಸ್ತರರ ಊರಿನಲ್ಲಿ, ಗುಡಿಯ ಮುಂದಿನ ಬಯಲಲ್ಲಿ ಮೊದಲ ಸಲ ಪೂರ್ತಿ ನುಡಿಸಿದೆವು. ಕಲ್ಲುಗಳನ್ನು ಅದೇ ಗೂಡ್ಸ್ ಆಟೋದಲ್ಲಿ ಕೌದಿ ಸುತ್ತಿ ಒಯ್ದೆವು. ಮುಗಿದ ಮೇಲೆ ಮಾಸ್ತರರು ಮಿರ್ಚಿ ಮಂಡಕ್ಕಿ ತಟ್ಟೆ ಕೈಗಿಟ್ಟು, "ಮೂರನೇ ಸಾಲು ಚಲೋ ನಿಲ್ಲತೈತಿ. ಆರನೇದರಾಗ ಓಡ್ತೀರಿ, ನೋಡ್ಕೊಳ್ರಿ" ಅಂದರು. ಮನೆಗೆ ಬಂದು ರೆಕಾರ್ಡಿಂಗ್ ಅಳೆದು ನೋಡಿದೆ. ಅಲ್ಲಿ ನಮ್ಮ ವೇಗ ನಿಮಿಷಕ್ಕೆ 92 ಪೆಟ್ಟಿನಿಂದ 96ಕ್ಕೆ ಏರಿತ್ತು. ಈಗ ದಿನಾ ಸಂಜೆ ಡ್ರಮ್ಮರ್ ಹುಡುಗ ಬರುತ್ತಾನೆ. ಆರನೇ ಸಾಲೊಂದನ್ನೇ ನುಡಿಸುತ್ತೇವೆ.