ಮಳೆಗಾಲಕ್ಕೆ ಮುಂಚೆ ಇಮೇಜ್‌ಗಳನ್ನು ಆಫೀಸಿನ ರಿಜಿಸ್ಟ್ರಿಗೆ ತಂದಿಡುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿ, ಭಾಗಮಂಡಲ ಕಡೆ ಮರ ಬಿದ್ದು ಕರೆಂಟ್ ಹೋಗುವುದು, ಫೈಬರ್ ತುಂಡಾಗುವುದು ಮಾಮೂಲಿ. ಕರೆಂಟ್ ಬಂದು ಸರ್ವರ್ ಎದ್ದರೂ ಇಮೇಜ್ (ಪ್ರೋಗ್ರಾಂ ಓಡಲು ಬೇಕಾದ್ದೆಲ್ಲ ತುಂಬಿದ ಕಟ್ಟು) ಡಾಕರ್ ಹಬ್ ಎಂಬ ಅಂತರ್ಜಾಲದ ಸಂಗ್ರಹದಿಂದಲೇ ಇಳಿಯಬೇಕೆಂದರೆ ಕೆಲಸ ನಿಂತಂತೆಯೇ. ಆಫೀಸಿನೊಳಗೇ ಒಂದು ರಿಜಿಸ್ಟ್ರಿ (ಇಮೇಜ್‌ಗಳ ಸಂಗ್ರಹ) ಇಟ್ಟು, ಲೈನ್ ಸರಿಯಿದ್ದ ರಾತ್ರಿಗಳಲ್ಲಿ ಸ್ಕ್ರಿಪ್ಟ್‌ನಿಂದ ಅದನ್ನು ಮೂಲಕ್ಕೆ ಹೊಂದಿಸಿಡಬೇಕು.

ಪುಲ್ (ಇಳಿಸು), ಟ್ಯಾಗ್ (ಹೆಸರಿಡು), ಪುಶ್ (ಏರಿಸು) ಎಂಬ ಮೂರು ಸಾಲಿನ ದಾರಿ ಬೇಡ. ಡಾಕರ್ ಪುಲ್ ತನ್ನ ಯಂತ್ರದ ಆರ್ಕಿಟೆಕ್ಚರ್‌ಗೆ (ಪ್ರೊಸೆಸರ್ ಬಗೆಗೆ) ಹೊಂದುವುದನ್ನು ಮಾತ್ರ ಇಳಿಸುತ್ತದೆ. ಆಫೀಸಿನ ಸರ್ವರ್ ಎಎಂಡಿ64 ಆಗಿದ್ದು, ತೋಟದ ಮಳೆಮಾಪಕಕ್ಕೆ ಕಟ್ಟಿದ ರಾಸ್ಪ್‌ಬೆರಿ ಪೈ ಎಆರ್‌ಎಂ64 ಆಗಿದ್ದರೆ, ಪೈ ಮೇಲೆ ಕಾಣುವುದು 'ಎಕ್ಸೆಕ್ ಫಾರ್ಮ್ಯಾಟ್ ಎರರ್'. ರಿಜಿಸ್ಟ್ರಿಯಿಂದ ರಿಜಿಸ್ಟ್ರಿಗೆ ಇಮೇಜ್ ಒಯ್ಯುವ ಕ್ರೇನ್ ಎಂಬ ಕಮಾಂಡ್ ಬಳಸಿ. 'ಕ್ರೇನ್ ಕಾಪಿ' ಡಾಕರ್ ಡೀಮನ್ (ಹಿನ್ನೆಲೆಯಲ್ಲಿ ಓಡುವ ಡಾಕರ್ ಸೇವೆ) ಇಲ್ಲದೆಯೇ ಎಲ್ಲ ಆರ್ಕಿಟೆಕ್ಚರ್‌ಗಳನ್ನೂ ಒಯ್ಯುತ್ತದೆ, ಡೈಜೆಸ್ಟ್ (ಇಮೇಜ್‌ನ ಒಳಗಿರುವುದರಿಂದಲೇ ಲೆಕ್ಕಹಾಕಿದ ಗುರುತು) ಬದಲಾಗುವುದಿಲ್ಲ. ಇದೇ ಬಗೆಯ ಸ್ಕೋಪಿಯೋ ಕೂಡ ಆಗಬಹುದು, ಆದರೆ '--ಆಲ್' ಮರೆತರೆ ಮತ್ತೆ ಅದೇ ಕಥೆ.

ಮೊದಲು ರಿಜಿಸ್ಟ್ರಿ ಕಂಟೇನರ್ (ಇಮೇಜ್‌ನಿಂದ ಎದ್ದು ಓಡುವ ಪ್ರೋಗ್ರಾಂ) ಅನ್ನು 5000ನೇ ಪೋರ್ಟ್‌ನಲ್ಲಿ ಎಬ್ಬಿಸಿ, ಒಳಗಿನ '/ವಾರ್/ಲಿಬ್/ರಿಜಿಸ್ಟ್ರಿ' ಫೋಲ್ಡರನ್ನು ಹೊರಗಿನ ಡಿಸ್ಕ್‌ಗೆ ಜೋಡಿಸಿ. ಟಿಎಲ್‌ಎಸ್ (ಗೂಢಲಿಪೀಕರಿಸಿದ ಸಂಪರ್ಕ) ಇಲ್ಲದಿದ್ದರೆ ಅದರಿಂದ ಇಮೇಜ್ ಇಳಿಸುವ ಪ್ರತಿ ಯಂತ್ರದ 'ಡೀಮನ್.ಜೇಸನ್'ನಲ್ಲೂ ಅದರ ವಿಳಾಸವನ್ನು 'ಇನ್‌ಸೆಕ್ಯೂರ್ ರಿಜಿಸ್ಟ್ರೀಸ್' ಪಟ್ಟಿಗೆ ಸೇರಿಸಬೇಕು.

ನಂತರ ಪಟ್ಟಿಯ ಫೈಲ್: ಸಾಲಿಗೊಂದು ಇಮೇಜ್, ಮೂಲದ ಹೆಸರು, ಒಂದು ಸ್ಪೇಸ್, ಗುರಿಯ (ಆಫೀಸಿನ ರಿಜಿಸ್ಟ್ರಿಯ) ಹೆಸರು. 'ಲೇಟೆಸ್ಟ್' ಎಂಬ ಟ್ಯಾಗ್ ಬೇಡ, ಆವೃತ್ತಿ ಬರೆಯಿರಿ. ಈ ಫೈಲನ್ನು ವಿಂಡೋಸ್‌ನಲ್ಲಿ ತಿದ್ದಿದರೆ ಸಾಲಿನ ಕೊನೆಗೆ ಕಾಣದ ಅಕ್ಷರವೊಂದು ಅಂಟಿಕೊಂಡು ಇಮೇಜ್ ಹೆಸರೇ ತಪ್ಪೆಂದು ಬರುತ್ತದೆ.

ಸ್ಕ್ರಿಪ್ಟ್ ಪ್ರತಿ ಸಾಲಿಗೂ 'ಕ್ರೇನ್ ಡೈಜೆಸ್ಟ್' ಅನ್ನು ಎರಡೂ ಕಡೆ ಕೇಳಿ, ಬೇರೆಯಾಗಿದ್ದರೆ ಮಾತ್ರ ಕಾಪಿ ಮಾಡಬೇಕು. ಟ್ಯಾಗ್ ಹೆಸರು ನೋಡಿ 'ಇದೆ' ಎಂದು ಬಿಟ್ಟುಬಿಡಬಾರದು. ಪೋಸ್ಟ್‌ಗ್ರೆಸ್‌ನಂಥ ಅಧಿಕೃತ ಇಮೇಜ್‌ಗಳನ್ನು ಅದೇ ಟ್ಯಾಗ್‌ನಲ್ಲೇ ಮತ್ತೆ ಬಿಲ್ಡ್ ಮಾಡುತ್ತಾರೆ. ಇಲ್ಲೇ ದೊಡ್ಡ ಹೊಂಡ ಇರುವುದು. ನೆಟ್ ಸತ್ತಿದ್ದರೆ ಮೂಲದ ಡೈಜೆಸ್ಟ್ ಖಾಲಿ ಬರುತ್ತದೆ. ಇಮೇಜ್ ಇನ್ನೂ ಬಂದಿರದಿದ್ದರೆ ಗುರಿಯದ್ದೂ ಖಾಲಿ. ಖಾಲಿಗೆ ಖಾಲಿ ಸಮ, ಸ್ಕ್ರಿಪ್ಟ್ 'ಎಲ್ಲ ಸರಿ' ಎಂದು ಮುಗಿಯುತ್ತದೆ. ಹಾಗಾಗಿ ಮೂಲದ ಉತ್ತರ ಖಾಲಿಯಿದ್ದರೆ ಅದನ್ನು ಸೋಲು ಎಂದೇ ಬರೆದುಕೊಳ್ಳಿ. ಗುರಿಯದ್ದು ಮಾತ್ರ ಖಾಲಿಯಿದ್ದರೆ ಕಾಪಿಗೆ ಬಿಡಿ. ಸ್ಕ್ರಿಪ್ಟ್‌ನ ಮೇಲ್ತುದಿಯಲ್ಲಿ 'ಸೆಟ್ -ಇ' (ಒಂದು ಕಮಾಂಡ್ ಸೋತರೂ ನಿಲ್ಲು ಎಂಬ ಸೂಚನೆ) ಹಾಕಿದ್ದರೆ ಗುರಿಯಲ್ಲಿ ಇಲ್ಲದ ಮೊದಲ ಇಮೇಜ್‌ಗೇ ಸ್ಕ್ರಿಪ್ಟ್ ಸಾಯುತ್ತದೆ, ಅದನ್ನು ತೆಗೆಯಿರಿ. ಸೋತ ಸಾಲು ಲಾಗ್‌ಗೆ ಹೋಗಲಿ, ಉಳಿದವು ಮುಂದುವರಿಯಲಿ, ಒಂದಾದರೂ ಸೋತಿದ್ದರೆ ಕೊನೆಗೆ ಸೋಲಿನ ಸಂಕೇತವಾದ 'ಎಕ್ಸಿಟ್ 1'.

ಡೈಜೆಸ್ಟ್ ಹೋಲಿಸುವುದರಲ್ಲಿ ಇನ್ನೊಂದು ಲಾಭವಿದೆ. ಡಾಕರ್ ಹಬ್ ಲಾಗಿನ್ ಇಲ್ಲದವರಿಗೆ ಒಂದು ಐಪಿಗೆ 6 ಗಂಟೆಗೆ 100 ಪುಲ್ ಕೊಡುತ್ತದೆ, ಉಚಿತ ಖಾತೆಗೆ 200. ಹಲವು ಗ್ರಾಹಕರನ್ನು ಒಂದೇ ಐಪಿಯ ಹಿಂದೆ ಕೂರಿಸುವ ಸಂಪರ್ಕವಾದರೆ ಆ 100ರಲ್ಲಿ ಪಕ್ಕದವರದ್ದೂ ಪಾಲು, ನಿಮಗೆ 429 (ಮಿತಿ ಮೀರಿತೆಂಬ ಉತ್ತರ). 'ಕ್ರೇನ್ ಡೈಜೆಸ್ಟ್' ಕಳಿಸುವುದು ಹೆಡ್ ವಿನಂತಿ (ವಿವರ ಮಾತ್ರ ಕೇಳುವುದು), ಅದು ಲೆಕ್ಕಕ್ಕಿಲ್ಲ. ಕಾಪಿಯಲ್ಲಿ ಮಾತ್ರ ಪ್ರತಿ ಆರ್ಕಿಟೆಕ್ಚರ್ ಒಂದೊಂದು ಪುಲ್. 'ಕ್ರೇನ್ ಆತ್ ಲಾಗಿನ್' ಮಾಡಿಯೇ ಓಡಿಸಿ.

ಮಧ್ಯೆ ಲೈನ್ ಕಡಿದರೆ ಪೂರ್ತಿ ಏರಿದ ಲೇಯರ್‌ಗಳು (ಇಮೇಜ್‌ನ ಪದರಗಳು) ಉಳಿಯುತ್ತವೆ, ಅರ್ಧವಾದದ್ದು ಮೊದಲಿನಿಂದ. ಕಾಪಿಗೆ ಮುಂದೆ 'ಟೈಮ್‌ಔಟ್ 40ಎಂ' (40 ನಿಮಿಷಕ್ಕೆ ನಿಲ್ಲಿಸು) ಇಡಿ, ಇಲ್ಲದಿದ್ದರೆ ಸತ್ತ ಸಂಪರ್ಕಕ್ಕೆ ಜೋತುಬಿದ್ದೇ ಬೆಳಗಾಗಬಹುದು.

ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರೋನ್‌ಗೆ ಹಾಕುವಾಗ 'ಫ್ಲಾಕ್ -ಎನ್' ಸೇರಿಸಿ, ಹಿಂದಿನದು ಮುಗಿಯುವ ಮೊದಲೇ ಹೊಸದು ಹತ್ತಬಾರದು. ಕೈಯಲ್ಲಿ ಓಡಿಸಿದರೆ ಓಡುತ್ತದೆ, ಕ್ರೋನ್‌ನಲ್ಲಿ ಇಲ್ಲ ಎಂದರೆ ಕಾರಣ ಎರಡೇ ಇರುವುದು ಹೆಚ್ಚು: ಕ್ರೋನ್‌ನ ಪಾತ್‌ನಲ್ಲಿ (ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ) '/ಯುಎಸ್‌ಆರ್/ಲೋಕಲ್/ಬಿನ್' ಇಲ್ಲ, ಅಥವಾ ಲಾಗಿನ್ ಮಾಡಿದ ಬಳಕೆದಾರ ಒಬ್ಬ, ಕ್ರೋನ್ ಓಡಿಸುವವನು ಇನ್ನೊಬ್ಬ.

ಹಳೆಯದನ್ನು ಈ ಸ್ಕ್ರಿಪ್ಟ್ ಅಳಿಸುವುದಿಲ್ಲ, ಡಿಸ್ಕ್ ತುಂಬುತ್ತಲೇ ಹೋಗುತ್ತದೆ. ಬೇಡದ್ದನ್ನು ಅಳಿಸುವ ಗಾರ್ಬೇಜ್ ಕಲೆಕ್ಟ್ ಓಡಿಸುವಾಗ ರಿಜಿಸ್ಟ್ರಿಗೆ ಏನೂ ಬರೆಯದಂತೆ ನಿಲ್ಲಿಸಿರಬೇಕು. 2ನೇ ಸರಣಿಯ ರಿಜಿಸ್ಟ್ರಿಯಲ್ಲಿ '--ಡಿಲೀಟ್-ಅನ್‌ಟ್ಯಾಗ್ಡ್' ಕೊಡಲೇಬೇಡಿ. ಬಹು ಆರ್ಕಿಟೆಕ್ಚರ್ ಇಮೇಜ್‌ನ ಒಳಗಿನ ಮ್ಯಾನಿಫೆಸ್ಟ್‌ಗಳಿಗೆ (ಒಂದೊಂದು ಆರ್ಕಿಟೆಕ್ಚರ್‌ನ ಲೇಯರ್ ಪಟ್ಟಿಗಳಿಗೆ) ಸ್ವಂತ ಟ್ಯಾಗ್ ಇರುವುದಿಲ್ಲ, ಅವನ್ನೂ ಅದು ಗುಡಿಸಿಹಾಕುತ್ತದೆ; ಟ್ಯಾಗ್ ಪಟ್ಟಿಯಲ್ಲಿ ಇಮೇಜ್ ಇದ್ದಂತೆಯೇ ಕಾಣುತ್ತದೆ, ಪುಲ್ ಮಾತ್ರ ಆಗುವುದಿಲ್ಲ.