ಮಾರುತಿ 800ರ ಹೆಡ್ ಬಿಚ್ಚಿ ಮೂರ್ನಾಲ್ಕು ಕುದುರೆ ಗಳಿಸಿದ್ದು: ನನ್ನ ಅನುಭವ

796 ಸಿಸಿ, ಮೂರು ಸಿಲಿಂಡರ್, ಆರು ವಾಲ್ವ್ (ಗಾಳಿ ಒಳಗೆ, ಹೊಗೆ ಹೊರಗೆ ಬಿಡೋ ಬಾಗಿಲು). ಕಾರ್ಬ್ಯುರೇಟರ್ ಇರೋ ಹಳೇ ಮಾರುತಿ 800ಕ್ಕೆ ಕಂಪನಿ ಕೊಟ್ಟಿದ್ದು 37 ಹಾರ್ಸ್ ಪವರ್. ಅದೂ ಗಾಡಿ ಹೊಸದಿದ್ದಾಗಿನ ಲೆಕ್ಕ. ನಾನಿರೋ ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ. ನೂರು ಮೀಟರ್ ಏರಿದರೆ ಗಾಳಿ ಹೆಚ್ಚುಕಮ್ಮಿ ಶೇಕಡಾ ಒಂದರಷ್ಟು ತೆಳುವಾಗುತ್ತೆ, ಟರ್ಬೋ ಇಲ್ಲದ ಇಂಜಿನ್ನಿನ ಶಕ್ತಿಯೂ ಅಷ್ಟೇ ಇಳಿಯುತ್ತೆ. ಮುಂಬೈಯಲ್ಲಿ ಓಡೋ 800ಕ್ಕೂ ನಮ್ಮ ಭೋಸರಿಯಲ್ಲಿ ಓಡೋ 800ಕ್ಕೂ ಎರಡು ಕುದುರೆ ವ್ಯತ್ಯಾಸ ಅಂತ ಇಟ್ಟುಕೊಳ್ಳಿ. ಎಸಿ ಹಾಕಿದರೆ ಅದರ ಪಾಲು ಬೇರೆ.

ನನ್ನದು 1998ರ ಮಾಡೆಲ್. ಬೆಳಗಾವಿ ಕಡೆ ಹೊರಟಾಗ ಖಂಬಾಟಕಿ ಘಾಟ್ ಹತ್ತಬೇಕು. ನಾಲ್ಕು ಜನ, ಡಿಕ್ಕಿ ತುಂಬಾ ಸಾಮಾನು, ಎಸಿ ಬೇರೆ. ಲಾರಿ ಹಿಂದೆ ಸಿಕ್ಕಿಕೊಂಡರೆ ಸೆಕೆಂಡ್ ಗೇರೇ ಗತಿ. ಮೂರನೇ ಗೇರಲ್ಲಿ ಘಾಟ್ ಹತ್ತಬೇಕು, ನನಗೆ ಬೇಕಾಗಿದ್ದು ಇಷ್ಟೇ.

ಸಲಹೆಗೇನೂ ಬರ ಇರಲಿಲ್ಲ. ಮಾರುತಿಯದೇ ದೊಡ್ಡ ಕಾರು ಎಸ್ಟೀಮಿನ ಇಂಜಿನ್ ಕೂರಿಸು ಅಂದವರಿದ್ದರು. ಇಂಜಿನ್ ಬದಲಿಸಿದರೆ ಆರ್‌ಸಿಯಲ್ಲಿ ನಂಬರ್ ಬದಲಾಗಬೇಕು, ಅದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಓ ಒಪ್ಪಿಗೆ ಬೇಕು. ಆ ಓಡಾಟ ಯಾರಿಗೆ ಬೇಕು? ಡಬ್ಬಿ ಇಲ್ಲದ ಕೋನ್ ಏರ್ ಫಿಲ್ಟರ್ ಹಾಕು ಅಂದವರೂ ಇದ್ದರು. ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯೋ ಫಿಲ್ಟರ್ ಸದ್ದು ಜಾಸ್ತಿ ಮಾಡುತ್ತೆ, ಎಳೆತ ಜಾಸ್ತಿ ಮಾಡಲ್ಲ. ಕಂಪನಿಯ ಡಬ್ಬಿ, ಹೊಸ ಪೇಪರ್ ಫಿಲ್ಟರ್, ಮುಂದಿನಿಂದ ತಂಪು ಗಾಳಿ ತರೋ ಪೈಪು. ನಾನು ಅಲ್ಲಿಗೇ ನಿಲ್ಲಿಸಿದೆ.

ಮೊದಲು ಮಾಡಿಸಬೇಕಾದ್ದು ಕಂಪ್ರೆಶನ್ ಟೆಸ್ಟ್, ಅಂದರೆ ಒಂದೊಂದು ಸಿಲಿಂಡರ್ ಗಾಳಿಯನ್ನ ಎಷ್ಟು ಒತ್ತುತ್ತೆ ಅಂತ ನೋಡೋದು. ಹಳೇ ಗಾಡಿಯಲ್ಲಿ ಕಂಪನಿ ಕೊಟ್ಟ ಕುದುರೆಗಳೇ ಪೂರ್ತಿ ಇರಲ್ಲ, ಮೊದಲು ಅವನ್ನ ವಾಪಸ್ ತರಬೇಕು. ಮೂರೂ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆದಾಗ ಎರಡು ಸಿಲಿಂಡರ್ 12 ಬಾರ್ ಆಸುಪಾಸು ತೋರಿಸಿದವು, ಮೂರನೆಯದು 9ರ ಹತ್ತಿರ. ಅದಕ್ಕೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆ. ಮೀಟರಿನ ಮುಳ್ಳು ಮೇಲೆ ಹೋಗಿದ್ದರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆ ಅಂತ ಅರ್ಥ. ಏರಲಿಲ್ಲ. ಅಂದರೆ ಗಾಳಿ ಸೋರುತ್ತಿದ್ದದ್ದು ವಾಲ್ವಿನಲ್ಲಿ. ಸಿಲಿಂಡರ್ ಇರೋ ಬ್ಲಾಕ್ ಗಟ್ಟಿ ಇದೆ, ಅದರ ಮೇಲೆ ಕೂರೋ, ವಾಲ್ವ್ ಇರೋ ಹೆಡ್ ಒಂದು ಬಿಚ್ಚಿದರೆ ಸಾಕು. ಅಲ್ಲೇ ಅರ್ಧ ಖರ್ಚು ಉಳಿಯಿತು.

ಹೆಡ್ ಕೆಲಸ ಮಾಡಿಕೊಟ್ಟಿದ್ದು ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಬ್ಬ ಮೇಸ್ತ್ರಿ. ವಿಜಯಪುರ ಕಡೆಯವರು, ನಾನು ಕಾಕಾ ಅಂತೀನಿ. ವಾಲ್ವ್ ಕೂರೋ ಸೀಟನ್ನ 30, 45, 60 ಡಿಗ್ರಿ ಅಂತ ಮೂರು ಕೋನದಲ್ಲಿ ಕತ್ತರಿಸಿ, ಪೇಸ್ಟ್ ಹಾಕಿ ಉಜ್ಜಿ ಕೂರಿಸಿದರು. ಪೋರ್ಟ್, ಅಂದರೆ ಹೆಡ್ಡಿನೊಳಗಿನ ಗಾಳಿ ದಾರಿಯ ಕೆಲಸಕ್ಕೆ ಮಾತ್ರ ನಾನೇ ಡೈ ಗ್ರೈಂಡರ್ ಹಿಡಿದೆ. ಗಾಳಿ ತರೋ ಇನ್‌ಟೇಕ್ ಮ್ಯಾನಿಫೋಲ್ಡಿನ ತೂತು, ನಡುವಿನ ಗ್ಯಾಸ್ಕೆಟ್ಟಿನ ತೂತು, ಹೆಡ್ಡಿನ ತೂತು ಮೂರೂ ಒಂದಕ್ಕೊಂದು ಸರಿಯಾಗಿ ಕೂರುತ್ತಿರಲಿಲ್ಲ. ಒಂದು ಕಡೆ ಬೆರಳಿಗೆ ಸಿಗುವಷ್ಟು ಮೆಟ್ಟಿಲೇ ಇತ್ತು. ಮೂಗು ಕಟ್ಟಿದವನಿಗೆ ಓಡು ಅಂದ ಹಾಗೆ. ಗ್ಯಾಸ್ಕೆಟ್ ಇಟ್ಟು ಗೀರು ಹಾಕಿಕೊಂಡು, ಆ ಗೀರಿನವರೆಗೆ ಮಾತ್ರ ಸವರಿದೆ. ಪೋರ್ಟನ್ನೇ ದೊಡ್ಡದು ಮಾಡಿದರೆ ಗಾಳಿಯ ವೇಗ ಬೀಳುತ್ತೆ, ಕಡಿಮೆ ಆರ್‌ಪಿಎಂನಲ್ಲಿ ಗಾಡಿ ಸತ್ತ ಹಾಗಾಗುತ್ತೆ. ಪಾಲಿಶ್ ಹೊಡೆಯೋಕೆ ಹೊರಟಾಗ ಕಾಕಾ ತಡೆದರು. "ಕನ್ನಡಿ ಮಾಡಬ್ಯಾಡ ತಮ್ಮಾ, ಪೆಟ್ರೋಲ್ ಗ್ವಾಡಿಗೆ ಹನಿ ಕಟ್ಟತೈತಿ." ನಿಜ. ಇನ್‌ಟೇಕ್ ಸ್ವಲ್ಪ ತರಿತರಿ ಇರಬೇಕು. ಎಕ್ಸಾಸ್ಟ್ ಎಷ್ಟು ನುಣುಪಾದರೂ ಸರಿ, ಮಸಿ ಕಡಿಮೆ ಹಿಡಿಯುತ್ತೆ.

ಆಮೇಲೆ ನನಗೆ ಬಹಳ ಇಷ್ಟದ ಕೆಲಸ, ಅಳತೆ. ಹೆಡ್ ಬೋರಲು ಮಲಗಿಸಿ, ಪೆಟ್ರೋಲ್ ಉರಿಯೋ ಚೇಂಬರಿನ ಅಂಚಿಗೆ ಗ್ರೀಸ್ ಸವರಿ, ತೂತು ಕೊರೆದ ಅಕ್ರಿಲಿಕ್ ತುಂಡು ಒತ್ತಿ, ಸಿರಿಂಜಿನಲ್ಲಿ ಸೀಮೆಎಣ್ಣೆ ತುಂಬಿಸಬೇಕು. ಎಷ್ಟು ಎಣ್ಣೆ ಹಿಡಿಯುತ್ತೋ ಅಷ್ಟು ಚೇಂಬರ್. ಬೋರ್ (ಸಿಲಿಂಡರಿನ ಅಡ್ಡಳತೆ) 68.5 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 72 ಮಿ.ಮೀ. ಒಂದು ಸಿಲಿಂಡರಿಗೆ 265 ಸಿಸಿ ಆಯಿತು. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯೋ ಜಾಗ, ಗ್ಯಾಸ್ಕೆಟ್ ದಪ್ಪವೂ ಸೇರಿ, ನನ್ನ ಗಾಡಿಯಲ್ಲಿ ಮೂವತ್ತನಾಲ್ಕೂವರೆ ಸಿಸಿ. ಅಂದರೆ ಗಾಳಿಯನ್ನ ಎಷ್ಟು ಪಟ್ಟು ಒತ್ತುತ್ತೆ ಅನ್ನೋ ಕಂಪ್ರೆಶನ್ ರೇಶಿಯೋ ಸುಮಾರು 8.7. ಶಕ್ತಿ ಏರಿಸೋಕೆ ಹೆಡ್ಡಿನ ಮುಖವನ್ನ ಅರ್ಧ ಮಿಲಿಮೀಟರ್ ಸವರಿಸಿದಾಗ ಒಂದೂವರೆ ಸಿಸಿ ಕಡಿಮೆಯಾಗಿ ರೇಶಿಯೋ 9ಕ್ಕೆ ಬಂತು. ಇನ್ನೂ ಸವರಬಹುದಿತ್ತು, ಬೇಡ ಅಂದೆ. ಹೆಡ್ ಕೆಳಗಿಳಿದಷ್ಟೂ ಟೈಮಿಂಗ್ ಬೆಲ್ಟಿನ ಲೆಕ್ಕದಲ್ಲಿ ವಾಲ್ವ್ ತೆರೆಯೋ ಕ್ಯಾಮ್ ಹಿಂದೆ ಬೀಳುತ್ತೆ, ವಾಲ್ವು ಪಿಸ್ಟನ್ನಿಗೆ ಹತ್ತಿರವಾಗುತ್ತೆ. ಅರ್ಧ ಮಿಲಿಗೂ ಪಿಸ್ಟನ್ ಮೇಲೆ ಮಕ್ಕಳ ಕ್ಲೇ ಇಟ್ಟು, ಇಂಜಿನ್ ಕೈಯಲ್ಲಿ ತಿರುಗಿಸಿ ಸಂದು ನೋಡಿಕೊಂಡೇ ಮುಚ್ಚಿದೆ.

ಈಗ ಪೆಟ್ರೋಲ್ ವಿಷಯ. ಶೇಕಡಾ 20 ಎಥೆನಾಲ್ ಬೆರೆಸಿದ ಇ20 ಬಂದ ಮೇಲೆ ಕಾರ್ಬ್ಯುರೇಟರ್ ಗಾಡಿಗಳ ಲೆಕ್ಕವೇ ಬದಲಾಗಿದೆ. ಎಥೆನಾಲಿನಲ್ಲಿ ಆಮ್ಲಜನಕ ಮೊದಲೇ ಇರೋದರಿಂದ ಅಷ್ಟೇ ಗಾಳಿಗೆ ಶೇಕಡಾ ಏಳೆಂಟರಷ್ಟು ಜಾಸ್ತಿ ಇಂಧನ ಬೇಕು. ಇಂಜೆಕ್ಷನ್ ಗಾಡಿ ಸೆನ್ಸರ್ ನೋಡಿ ತಾನೇ ಸರಿ ಮಾಡಿಕೊಳ್ಳುತ್ತೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡೋ ಜೆಟ್ಟಿಗೆ ಬುದ್ಧಿ ಎಲ್ಲಿಂದ ಬರಬೇಕು? ನಾನಾ ಪೇಠೆಯಲ್ಲಿ ಹುಡುಕಿ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದೆ. ಪೆಟ್ರೋಲ್ ಪೈಪುಗಳನ್ನೂ ಕಾರ್ಬ್ಯುರೇಟರಿನ ರಬ್ಬರ್ ಸಾಮಾನನ್ನೂ ಪೂರ್ತಿ ಬದಲಿಸಿದೆ. ಹಳೇ ರಬ್ಬರನ್ನ ಎಥೆನಾಲ್ ತಿಂದುಹಾಕುತ್ತೆ. ಒಂದು ಲಾಭವೂ ಇದೆ. ಎಥೆನಾಲಿನ ಆಕ್ಟೇನ್ ಜಾಸ್ತಿ, ಹಾಗಾಗಿ ಕಂಪ್ರೆಶನ್ ಏರಿಸಿದರೂ ಇಂಜಿನ್ ಸುಲಭಕ್ಕೆ ನಾಕ್ ಆಗಲ್ಲ, ಅಂದರೆ ಒಳಗೆ ಪೆಟ್ರೋಲ್ ತಾನಾಗೇ ಸಿಡಿಯಲ್ಲ.

ಟೈಮಿಂಗ್ ಲೈಟ್ ಹಿಡಿದು ಇಗ್ನಿಶನ್ನನ್ನ (ಪ್ಲಗ್ ಕಿಡಿ ಹೊಡೆಯೋ ಹೊತ್ತು) ಕಂಪನಿ ಗುರುತಿಗಿಂತ ಎರಡು ಡಿಗ್ರಿ ಮುಂದೆ ಇಟ್ಟು ಕಾತ್ರಜ್ ಹಳೇ ಘಾಟಿಗೆ ಹೋದೆ. ಟಾಪ್ ಗೇರಲ್ಲಿ, ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಒತ್ತಿ ಹಿಡಿದರೆ ನಾಕ್ ಆಗೋ, ಡಬ್ಬಿಯಲ್ಲಿ ಕಲ್ಲು ಆಡಿದಂಥ ಸಣ್ಣ ಸದ್ದು ಬರುತ್ತಾ ಅಂತ ಕಿವಿಗೊಡಬೇಕು. ಸ್ವಲ್ಪ ಬಂತು, ಒಂದು ಡಿಗ್ರಿ ಹಿಂದೆ ತಂದೆ, ನಿಂತಿತು. ಅಲ್ಲೇ ಪ್ಲಗ್ ಬಿಚ್ಚಿ ನೋಡಿದರೆ ಬಿಸ್ಕತ್ ಬಣ್ಣ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಕಪ್ಪಗಿದ್ದರೆ ಜಾಸ್ತಿ. ಐಡಲ್ ಮಿಕ್ಸ್ಚರ್ ಸ್ಕ್ರೂವನ್ನ ಪಿಯುಸಿ ಸೆಂಟರಿನಲ್ಲೇ, ಅವರ ಮೀಟರ್ ನೋಡಿಕೊಂಡು ತಿರುಗಿಸಿದೆ. ಇಷ್ಟು ಹಳೇ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇಕಡಾ 3, ಅದರ ಒಳಗೇ ಆರಾಮಾಗಿ ಕೂತಿತು.

ಎಷ್ಟು ಸಿಕ್ಕಿತು? ಶಕ್ತಿ ಅಳೆಯೋ ಡೈನೋ ಯಂತ್ರದ ಮೇಲೆ ಹತ್ತಿಸಿಲ್ಲ. ಮೂರನೇ ಗೇರಲ್ಲಿ 40ರಿಂದ 80ಕ್ಕೆ ಹಿಡಿಯೋ ಹೊತ್ತನ್ನ ಒಂದೇ ರಸ್ತೆಯಲ್ಲಿ, ಮೊದಲೂ ಆಮೇಲೂ ಮೊಬೈಲಲ್ಲಿ ಅಳೆದಿದ್ದೆ. ಅದರ ಮೇಲೆ ಹೇಳೋದಾದರೆ ಶೇಕಡಾ ಹತ್ತರ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸೋರುತ್ತಿದ್ದ ವಾಲ್ವ್ ಸರಿಯಾಗಿದ್ದಕ್ಕೇ ಬಂದಿರಬೇಕು. ಖಂಬಾಟಕಿಯನ್ನ ನಾಲ್ಕು ಜನ ಕೂತು ಮೂರನೇ ಗೇರಲ್ಲೇ ಹತ್ತುತ್ತೆ. ಎಸಿ ಹಾಕಿದ್ರೂ ಅಷ್ಟೇ. ಬ್ರೇಕ್ ಪ್ಯಾಡ್, ಟೈರ್ ಮೊದಲೇ ಹೊಸದು ಹಾಕಿಸಿದ್ದೆ, 12 ಇಂಚಿನ ಚಕ್ರದ ಗಾಡಿ ಅಲ್ವಾ.

ಮೈಲೇಜ್ ಊರೊಳಗೆ ಮೊದಲಿನಷ್ಟೇ. ಹೈವೇಯಲ್ಲಿ 90 ದಾಟಿಸಿದರೆ ಮಾತ್ರ ಇಂಜಿನ್ ಅರಚುತ್ತೆ, ಪೆಟ್ರೋಲ್ ಕುಡಿಯುತ್ತೆ. ಇದು ಗೇರ್‌ಬಾಕ್ಸಿನ ತಾಪತ್ರಯ, ಇರೋದೇ ನಾಲ್ಕು ಗೇರ್. ಆಮೇಲಿನ 800ಕ್ಕೆ ಬಂದ ಐದು ಗೇರಿನ ಬಾಕ್ಸ್ ಒಂದನ್ನ ಬುಧವಾರ, ಭಾನುವಾರ ಹಳೇ ಸಾಮಾನಿನ ಜೂನಾ ಬಜಾರಿನಲ್ಲಿ ಹುಡುಕುತ್ತಿದ್ದೇನೆ. ಸಿಕ್ಕಿದರೂ ಎರಡನೇ ಗೇರನ್ನ ಸಲೀಸಾಗಿ ಬೀಳಿಸೋ ಸಿಂಕ್ರೋ ರಿಂಗ್ ನೋಡದೆ ದುಡ್ಡು ಕೊಡಲ್ಲ.